ಸೆಲ್ವಿ ಮಿಸ್ಸಿನ ಹುದ್ದೆ

ಕಳೆದ ಬೇಸಿಗೆಯ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಕಿಯಾಗಿ ನನ್ನನ್ನು ಹಾಕಿದ್ದು ಕೊಳ್ಳೇಗಾಲದ ಹೊರಗಿನ ಒಂದು ಖಾಸಗಿ ಶಾಲೆಗೆ. ಆದೇಶದಲ್ಲಿ ಆ ಶಾಲೆಯ ಹೆಸರು ಓದಿದ ಕೂಡಲೇ ಬೇರೆಯವರಿಗೆ ಬದಲಾಯಿಸಿಕೊಡಿ ಎಂದು ಕೇಳೋಣವೆನಿಸಿತು. ಕೇಳಲಿಲ್ಲ. ಯಳಂದೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಹೋದೆ. ಗೇಟು ದಾಟಿ ಕಾರಿಡಾರಿಗೆ ಕಾಲಿಟ್ಟೊಡನೆ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಆಗಷ್ಟೇ ಒರೆಸಿದ್ದ ನೆಲ ಇನ್ನೂ ಆರಿರಲಿಲ್ಲ. ಜಾರದಂತೆ ಗೋಡೆಗೆ ಕೈ ಕೊಟ್ಟು ನಿಂತೆ. ಕೈ ಕೊಟ್ಟ ಜಾಗದ ಪಕ್ಕದಲ್ಲೇ ಗಾಜಿನ ಚೌಕಟ್ಟಿನೊಳಗೆ ಸಿಬ್ಬಂದಿಯ ಪಟ್ಟಿ ತೂಗಿತ್ತು. ಹೆಸರು, ಹುದ್ದೆ, ವಿದ್ಯಾರ್ಹತೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಹೆಸರುಗಳು ಬಹುಪಾಲು ಹೊಸವು. ಆದರೆ ಆ ಕೋಷ್ಟಕದ ಗೆರೆ, ಅಕ್ಷರದ ಗಾತ್ರ, ತಲೆಬರಹ ಎಲ್ಲವೂ ನಾನು ಮಾಡಿಕೊಟ್ಟದ್ದೇ.

ಅಲ್ಲಿ ನಾನು ಕೆಲಸ ಮಾಡಿದ್ದು ಒಂದೇ ಒಂದು ವರ್ಷ. ಕನ್ನಡ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಸರ್ಕಾರಿ ನೇಮಕಾತಿಗೆ ಯಾವಾಗ ಕರೆಯುತ್ತಾರೋ ಎಂದು ಮಾಂಬಳ್ಳಿಯ ಮನೆಯಲ್ಲಿ ಕಾಯುತ್ತ ಕುಳಿತಿದ್ದ ಕಾಲ ಅದು. ಮನೆಯಲ್ಲಿ ಕೂತು ಮೈಗಳ್ಳಿಯಾಗುವುದು ಬೇಡ ಎಂದು ಅಪ್ಪನೇ ಅರ್ಜಿ ಹಾಕಿಸಿದರು. ಜೂನಿನಲ್ಲಿ ಸೇರಿದೆ. ಶಾಲೆಯ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ದ್ವಿಭಾಷಾ ಶಾಲೆ’ ಎಂದಿತ್ತು. ಗಣಿತ, ವಿಜ್ಞಾನದ ಪುಸ್ತಕಗಳಲ್ಲಿ ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್. ಕೊಳ್ಳೇಗಾಲದ ಪೇಟೆಯ ಮಕ್ಕಳ ಜೊತೆಗೆ ಹನೂರು ಕಡೆಯಿಂದ ಎರಡು ವ್ಯಾನು ತುಂಬ ಮಕ್ಕಳು ಬರುತ್ತಿದ್ದರು. ಆ ವ್ಯಾನುಗಳು ಶಾಗ್ಯದಿಂದಾಚೆಗೂ ಹೋಗಿ, ಕಾಡಂಚಿನ ಊರುಗಳಿಂದ ಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದವು. ಅವರಲ್ಲಿ ಎಷ್ಟೋ ಮಕ್ಕಳ ಮನೆಮಾತು ತಮಿಳು. ನಮ್ಮ ಬೋರ್ಡಿನ ಎರಡು ಭಾಷೆಗಳಲ್ಲಿ ಅವರದ್ದು ಯಾವುದೂ ಆಗಿರಲಿಲ್ಲ.

ಸೆಲ್ವಿಯನ್ನು ಮೊದಲು ಕಂಡದ್ದು ಒಂದನೇ ತರಗತಿ ಬಿ ವಿಭಾಗದ ನೆಲದ ಮೇಲೆ. ಆ ತರಗತಿಯ ಟೀಚರು, ನಲವತ್ತರ ಆಸುಪಾಸಿನ ಹೆಂಗಸು. ಹುಟ್ಟೂರು ಹನೂರಿನಾಚೆ ಗಡಿಯ ಹತ್ತಿರ, ಗಂಡನ ಮನೆ ಮಧುವನಹಳ್ಳಿ. ಕುರ್ಚಿಯನ್ನು ಗೋಡೆಗೆ ಒತ್ತರಿಸಿ, ಮಕ್ಕಳ ಮಧ್ಯೆ ಕಾಲು ಮಡಚಿ ಕೂತಿದ್ದಳು. ಮಲರ್ ಎಂಬ ಪುಟ್ಟ ಹುಡುಗಿ ಶಾಲೆ ಶುರುವಾಗಿ ಮೂರು ವಾರವಾದರೂ ಬಾಯಿ ಬಿಟ್ಟಿರಲಿಲ್ಲ. ಒಂದಕ್ಕೆ ಹೋಗಬೇಕೆಂದು ಕೇಳಲು ಗೊತ್ತಾಗದೆ ಎರಡು ಸಲ ಕೂತಲ್ಲೇ ಮಾಡಿಕೊಂಡಿದ್ದಳಂತೆ. ಬೇರೆ ವಿಭಾಗದಲ್ಲಿದ್ದ ಅವಳನ್ನು ಸೆಲ್ವಿಯೇ ಕೇಳಿ ತನ್ನಲ್ಲಿಗೆ ಕರೆಸಿಕೊಂಡಿದ್ದಳು. ಆ ದಿನ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ಸೆಲ್ವಿ ಆ ಹುಡುಗಿಗೆ ಹೇಳುತ್ತಿದ್ದಳು:

“ನಿಮ್ಮನೇಲಿ ಪಾಲು, ಇಸ್ಕೂಲ್ನಲ್ಲಿ ಹಾಲು. ನಿಮ್ಮನೇಲಿ ಪೂವು, ಇಲ್ಲಿ ಹೂವು. ಪ ಅನ್ನೋನು ಇಲ್ಗೆ ಬರೋವಾಗ ಅಂಗಿ ಬದ್ಲಾಯಿಸ್ಕಂಡು ಹ ಆಗ್ಬುಟ್ಟ. ಈಗ ನೀನು ಯೇಳು. ಅಲ್ಲಿ ಪಲ್ಲು, ಇಲ್ಲಿ?”

ಹುಡುಗಿ ತುಂಬ ಹೊತ್ತು ಸೆಲ್ವಿಯ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ ಉಸಿರು ಬಿಟ್ಟಂತೆ, “ಹಲ್ಲು” ಎಂದಳು.

“ಆ ‘ಹ’ ಇಲ್ಲಿನ ಕನ್ನಡದ ಮಕ್ಳ ಬಾಯಲ್ಲೇ ಬರಕಿಲ್ಲ ಮೇಡಂ, ಅವು ‘ಅಲ್ಲು’ ಅಂತವೆ. ಇವ್ಳು ನೋಡಿ,” ಎಂದು ನನ್ನ ಕಡೆ ತಿರುಗಿ ನಕ್ಕಳು.

ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನಾನು ಎಂ.ಎ.ಯ ಭಾಷಾವಿಜ್ಞಾನದ ತರಗತಿಯಲ್ಲಿ ಬಾಯಿಪಾಠ ಮಾಡಿ ಬರೆದಿದ್ದೆ. ಸೆಲ್ವಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಮಾತಿನ ಊರಲ್ಲಿ ಬೆಳೆದು, ಒಂಬತ್ತು ವರ್ಷ ಒಂದನೇ ತರಗತಿಯ ನೆಲದ ಮೇಲೆ ಕೂತು ತಾನೇ ಕಂಡುಕೊಂಡಿದ್ದಳು. ಆ ಮಳೆಗಾಲದಲ್ಲಿ ಬಿಡುವಿದ್ದಾಗಲೆಲ್ಲ ನಾನು ಒಂದನೇ ಬಿ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ನೋಡಿ ಕಲಿತದ್ದನ್ನು ಈಗಲೂ ನನ್ನ ತರಗತಿಗಳಲ್ಲಿ ಬಳಸುತ್ತೇನೆ. ಎಲ್ಲಿಂದ ಕಲಿತೆ ಎಂದು ಯಾರಿಗೂ ಹೇಳಿಲ್ಲ.

ನಮ್ಮ ಕಡೆ ಮಳೆ ಜೋರಾಗಿ ಹಿಡಿಯುವುದು ದಸರಾ ಹತ್ತಿರ ಬಂದ ಮೇಲೆ. ಆ ವರ್ಷವೂ ಹಾಗೇ ಆಯಿತು. ಮಧ್ಯಾಹ್ನ ಮೂರಾದರೆ ಆಕಾಶ ಕಪ್ಪಾಗಿ, ತಗಡಿನ ಶೆಡ್ಡಿನ ಮೇಲೆ ಮಳೆ ಬಡಿದು ಪಾಠವೇ ಕೇಳುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಪ್ರಿನ್ಸಿಪಾಲ್ ನಾಗರಾಜಪ್ಪನವರು ನನ್ನನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ, ಯಾರಿಗೂ ಗದರಿದವರಲ್ಲ. ಶಾಲೆಯ ಮಾನ್ಯತೆ ನವೀಕರಣಕ್ಕೆ ಕಾಗದ ಬಂದಿತ್ತು. ಎಲ್ಲ ಸಿಬ್ಬಂದಿಯ ಹುದ್ದೆ, ವಿದ್ಯಾರ್ಹತೆ, ತರಬೇತಿಯ ವಿವರ ಕೊಡಬೇಕು, ಗೋಡೆಗೂ ತೂಗುಹಾಕಬೇಕು, ಇಲಾಖೆಯ ಅಧಿಕಾರಿ ಬಂದು ನೋಡುತ್ತಾರೆ.

“ನಿಮಗೆ ಕನ್ನಡ ಟೈಪಿಂಗ್ ಬರುತ್ತಲ್ಲ ಮೇಡಂ, ನೀವೇ ಮಾಡಿಬಿಡಿ,” ಎಂದು ಫೈಲು ಮುಂದಿಟ್ಟರು.

ನನ್ನ ಹೆಸರು ಬಂದಾಗ ಎಂ.ಎ., ಬಿ.ಎಡ್. ಎಂದು ಟೈಪ್ ಮಾಡುವುದು ಖುಷಿಯಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ. ಸೆಲ್ವಿಯ ಫೈಲು ತೆರೆದೆ. ಅದರಲ್ಲಿ ಪಿಯುಸಿ ಅಂಕಪಟ್ಟಿ ಒಂದಿತ್ತು. ಅದರ ಹಿಂದೆ ಶಿಕ್ಷಕರ ತರಬೇತಿಯ ಮೊದಲ ವರ್ಷದ ಅಂಕಪಟ್ಟಿ, ಮಡಿಕೆಯಲ್ಲಿ ಹರಿದದ್ದು. ಎರಡನೇ ವರ್ಷದ್ದು ಇರಲಿಲ್ಲ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಗಿತ್ತು.

“ಇವರದ್ದು ಏನು ಬರೀಲಿ ಸರ್?”

ನಾಗರಾಜಪ್ಪನವರು ಆ ಅಂಕಪಟ್ಟಿಯನ್ನು ತಿರುಗಿಸಿ ನೋಡಿ ಫೈಲು ಮುಚ್ಚಿದರು. ಆಮೇಲೆ, “ಸಹಾಯಕ ಸಿಬ್ಬಂದಿ ಅಂತ ಕೊನೇಲಿ ಹಾಕಿ. ಆಯಾ,” ಎಂದರು. “ಒಂದನೇ ಬಿಗೆ ಕಾರ್ಯದರ್ಶಿಗಳ ತಂಗಿ ಮಗಳು ದಿವ್ಯಾ ಅಂತ ಇದ್ದಾಳೆ, ಡಿ.ಎಡ್. ಆಗಿದೆ. ಅವಳ ಹೆಸರು ಹಾಕೋಣ. ತಪಾಸಣೆ ದಿನ ಬಂದು ನಿಲ್ತಾಳೆ. ಎರಡು ದಿನದ ಮಾತು. ಸೆಲ್ವಿಗೆ ನಾನು ಹೇಳ್ತೀನಿ.”

ನಾನು ಟೈಪ್ ಮಾಡಿದೆ. ಎಡಕ್ಕೆ ‘ಆಯಾ’. ಬಲಕ್ಕೆ ಅದರ ಇಂಗ್ಲಿಷ್ ಮಾತು. ಅಲ್ಲಿ ‘ಸಪೋರ್ಟ್ ಸ್ಟಾಫ್’ ಎಂದು ಹಾಕಿದರೆ ಗೌರವವಾಗಿರುತ್ತದೆ ಎಂದು ಅವರು ತಿದ್ದಿಸಿದರು.

ತಪಾಸಣೆಯ ದಿನ ಮಳೆ ಇರಲಿಲ್ಲ, ಮೋಡ ಮಾತ್ರ ಕವುಚಿಕೊಂಡಿತ್ತು. ಸೆಲ್ವಿ ಆಯಾಗಳ ಬೂದು ಬಣ್ಣದ ಸೀರೆ ಉಟ್ಟು ಬಂದಿದ್ದಳು. ಕಾರಿಡಾರಿನ ಕೊನೆಯಲ್ಲಿ ಫಿನಾಯಿಲ್ ಬಕೆಟ್ಟಿನ ಪಕ್ಕ ನಿಲ್ಲಿಸಿದಾಗ, “ಕಸಬರ್ಕೆ ಇಡ್ಕಬೇಕಾ ಸಾ?” ಎಂದು ಕೇಳಿದಳು. ತಮಾಷೆಗೆ ಕೇಳಿದಳೋ ನಿಜವಾಗಿ ಕೇಳಿದಳೋ ತಿಳಿಯಲಿಲ್ಲ. ನಾಗರಾಜಪ್ಪನವರು, “ಸುಮ್ನೆ ನಿಂತಿದ್ರೆ ಸಾಕು ಕಣಮ್ಮ,” ಎಂದು ಬೇರೆ ಕಡೆ ನೋಡಿದರು.

ಅಧಿಕಾರಿ ವಯಸ್ಸಾದವರು, ಮಂಡಿನೋವಿನಿಂದ ನಿಧಾನ ನಡೆಯುತ್ತಿದ್ದರು. ಅವರ ಹಿಂದೆ ಪಟ್ಟಿ ಹಿಡಿದುಕೊಂಡು ನಾನು. ಒಂದನೇ ಬಿ ತರಗತಿಯಲ್ಲಿ ದಿವ್ಯಾ ಇಂಗ್ಲಿಷ್ ಪದ್ಯ ಹೇಳಿಸುತ್ತಿದ್ದಳು. ಮಕ್ಕಳು ಗೊತ್ತಿಲ್ಲದ ಮುಖ ನೋಡಿ ಮಂಕಾಗಿದ್ದವು. ಅಧಿಕಾರಿ ಪುಸ್ತಕಗಳನ್ನು ತಿರುವಿ ಹೊರಗೆ ಬರುವಷ್ಟರಲ್ಲಿ ಮಲರ್ ಅಳುತ್ತ ಬಾಗಿಲಿನಿಂದ ನುಗ್ಗಿ ಓಡಿದಳು. ಕಾರಿಡಾರಿನ ಕೊನೆಯವರೆಗೂ ಓಡಿ ಹೋಗಿ ಬೂದು ಸೀರೆಯನ್ನು ತಬ್ಬಿ, “ಮಿಸ್ಸೂ, ಮಿಸ್ಸೂ” ಎಂದು ಮುಖ ಹುದುಗಿಸಿದಳು.

ಅಧಿಕಾರಿ ನಿಂತರು. “ಇವರ್ಯಾರು?”

“ಆಯಾ ಸರ್. ಮಕ್ಕಳು ಹಚ್ಕೊಂಡಿವೆ,” ಎಂದರು ನಾಗರಾಜಪ್ಪ.

“ಮಗು ಮಿಸ್ಸು ಅಂತಿದೆಯಲ್ಲ?” ಎನ್ನುತ್ತ ಅವರು ನನ್ನ ಕಡೆ ತಿರುಗಿದರು. ದನಿಯಲ್ಲಿ ಗದರಿಕೆ ಇರಲಿಲ್ಲ. “ಏನಮ್ಮ, ಇವರು ಪಾಠ ಮಾಡ್ತಾರಾ?”

ನನ್ನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದೆ. ನಾನೇ ಟೈಪ್ ಮಾಡಿದ ಸಾಲು ಅಲ್ಲಿತ್ತು. “ಇಲ್ಲ ಸರ್,” ಎಂದೆ. “ಆಯಾನೇ.”

ಸೆಲ್ವಿ ನನ್ನ ಕಡೆ ನೋಡಲಿಲ್ಲ. ಬಗ್ಗಿ ಮಲರ್ ಕಿವಿಯಲ್ಲಿ ತಮಿಳಿನಲ್ಲಿ ಏನೋ ಹೇಳಿ, “ಮಗೀಗೆ ಒಂದುಕ್ಕೆ ಅವಸ್ರ ಆಗೈತೆ ಸಾ,” ಎಂದು ಕೈಹಿಡಿದು ಕರೆದುಕೊಂಡು ಹೋದಳು.

ನಿಜ ಹೇಳಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತೆಂದು ನಾನು ಹೇಳಲಾರೆ. ತರಬೇತಿ ಇಲ್ಲದವಳೆಂದು ಅದೇ ವಾರ ಮನೆಗೆ ಕಳಿಸುತ್ತಿದ್ದರೇನೋ. ಈ ಲೆಕ್ಕವನ್ನು ಸಾವಿರ ಸಲ ಹಾಕಿಕೊಂಡಿದ್ದೇನೆ. ಆದರೆ ಆ ಹೊತ್ತಿನಲ್ಲಿ ಅದೇನೂ ನನ್ನ ತಲೆಯಲ್ಲಿರಲಿಲ್ಲ. ನನ್ನ ಕೆಲಸ ಹೋದೀತು ಎಂಬ ಭಯ ಮಾತ್ರ ಇತ್ತು.

ಮಾನ್ಯತೆ ಸಿಕ್ಕಿತು. ಪಟ್ಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಸೆಲ್ವಿ ತನ್ನ ಹತ್ತಿ ಸೀರೆಯುಟ್ಟು ಮತ್ತೆ ಒಂದನೇ ಬಿಗೆ ಹೋಗಿ ಕೂತಳು. ಒಂದು ವಾರ ಎಲ್ಲ ಮೊದಲಿನಂತೆಯೇ ಇತ್ತು. ಆಮೇಲೆ ಪೋಷಕರ ಸಭೆ ಬಂತು. ಪೇಟೆಯ ಒಬ್ಬ ತಂದೆ ಗೋಡೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿ, ನೇರ ಪ್ರಿನ್ಸಿಪಾಲರ ಮುಂದೆ ನಿಂತರು.

“ಎರಡು ಭಾಷೆ ಕಲೀಲಿ ಅಂತ ಇಲ್ಲಿಗೆ ಸೇರ್ಸಿದ್ರೆ, ನೀವು ಆಯಾ ಕೈಲಿ ಪಾಠ ಯೇಳಿಸ್ತಾ ಇದ್ದೀರಾ? ನಿಮ್ಮ ಗೋಡೆ ಮ್ಯಾಲೇ ಬರ್ದದಲ್ಲಾ ಸಾ!”

ಪಟ್ಟಿಯಲ್ಲಿರುವುದು ತಪ್ಪು ಎನ್ನುವಂತಿರಲಿಲ್ಲ. ಅದನ್ನು ಇಲಾಖೆ ನೋಡಿ ಒಪ್ಪಿತ್ತು. “ಇಲ್ಲ, ಇಲ್ಲ. ಒಂದನೇ ಬಿಗೆ ದಿವ್ಯಾ ಮೇಡಂ ಇರೋದು,” ಎಂದರು ನಾಗರಾಜಪ್ಪ. ಹಾಗೆಂದ ಮೇಲೆ ದಿವ್ಯಾಳನ್ನು ಕರೆಸಲೇಬೇಕಾಯಿತು. ಆ ಹುಡುಗಿಯದ್ದೂ ತಪ್ಪಿರಲಿಲ್ಲ. ಓದಿದ್ದಳು, ಕಷ್ಟಪಟ್ಟು ಪಾಠ ತಯಾರಿ ಮಾಡಿಕೊಂಡು ಬರುತ್ತಿದ್ದಳು. ಆ ಮಕ್ಕಳ ಮಾತು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಸೆಲ್ವಿಗೆ ಬೂದು ಸೀರೆ ಮತ್ತೆ ಬಂತು.

“ಎರಡ್ ದಿನ ಅಂದಿದ್ರು,” ಎಂದಳು ಒಮ್ಮೆ, ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತ. “ದೀಪಾವಳಿ ಓಯ್ತು. ಕಾರ್ತೀಕನೂ ಓಯ್ತು.”

“ಬಿಟ್ಟು ಹೋಗಬಾರದಾ?” ಎಂದೆ. ಕೇಳಿದ ಮೇಲೆ ನಾಚಿಕೆಯಾಯಿತು.

“ನಡುವರ್ಸದಲ್ಲಿ ಎಂಗೆ ಬುಡದು ಮೇಡಂ? ಜ್ಯೋತಿ ಏಳ್ನೇ ಕ್ಲಾಸು ಮುಗಿಸ್ಬೇಕು. ನಾನ್ ಇಲ್ಲಿರೋದಕ್ಕೆ ಅವ್ಳೂ ಫೀಜಿಲ್ದೆ ಇಲ್ಲೇ ಅವ್ಳೆ.”

ಜ್ಯೋತಿ ಅವಳ ಮಗಳು, ನನ್ನ ತರಗತಿಯಲ್ಲೇ ಇದ್ದಳು. ಎರಡು ಜಡೆ, ಯಾವಾಗಲೂ ಮುಂದಿನ ಬೆಂಚು. ಡಿಸೆಂಬರಿನ ಒಂದು ದಿನ ಊಟದ ಬಿಡುವಿನಲ್ಲಿ ಯಾವುದೋ ಮಗು ಕಾರಿಡಾರಿನಲ್ಲಿ ವಾಂತಿ ಮಾಡಿಕೊಂಡಿತು. ಯಾರೋ “ಆಯಾ, ಆಯಾ” ಎಂದು ಕೂಗಿದರು. ಸೆಲ್ವಿ ಬಕೆಟ್ಟು ತಂದು ಕುಕ್ಕರುಗಾಲಲ್ಲಿ ಕೂತು ಒರೆಸುತ್ತಿದ್ದಾಗ ಏಳನೇ ತರಗತಿ ಆಟದ ಮೈದಾನಕ್ಕೆ ಸಾಲಾಗಿ ಹೊರಟಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದು ಹೋದವು. ಜ್ಯೋತಿಯೂ ಸರಿದು ಹೋದಳು. ತಾಯಿ ತಲೆ ಎತ್ತಲಿಲ್ಲ, ಮಗಳು ತಿರುಗಿ ನೋಡಲಿಲ್ಲ. ಸಾಲಿನ ಹಿಂದೆ ನಾನಿದ್ದೆ. ಜ್ಯೋತಿಯ ಮೇಲೆ ಸಿಟ್ಟು ಬಂತು. ಮಾರನೇ ದಿನ ಅದನ್ನೇ ಸೆಲ್ವಿಗೆ ಹೇಳಲು ಹೋದೆ.

“ಅವ್ಳುನ್ನ ಏನೂ ಅನ್ಬೇಡಿ,” ಎಂದಳು. “ಇಸ್ಕೂಲಲ್ಲಿ ನನ್ ಕಂಡ್ರೆ ಮಾತಾಡ್ಸಬ್ಯಾಡ ಅಂತ ನಾನೇ ಯೇಳಿವ್ನಿ. ಆಗಕಿಲ್ಲ ಅಂತ ಅತ್ಲು. ಆಣೆ ಆಕ್ಸಿದೆ.”

ಜನವರಿಯಲ್ಲಿ ನನಗೊಂದು ಆಸೆ ಹುಟ್ಟಿತು. ಆ ಹರಿದ ಅಂಕಪಟ್ಟಿ ತಲೆಯಲ್ಲಿ ಕೂತಿತ್ತು. ಒಂದು ವರ್ಷದ ತರಬೇತಿ ಆಗಿದೆಯಲ್ಲ, ಇನ್ನೊಂದು ವರ್ಷ ಮುಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳನ್ನು ಒಪ್ಪಿಸಿದೆ. ಇಬ್ಬರೂ ರಜೆ ಹಾಕಿ ಚಾಮರಾಜನಗರದ ಬಸ್ಸು ಹತ್ತಿದೆವು. ಅವಳು ಮದುವೆಗೆ ಹೊರಟವಳಂತೆ ಹಸಿರು ಸೀರೆ ಉಟ್ಟು, ಅಂಕಪಟ್ಟಿಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಕಚೇರಿಯಲ್ಲಿ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಳ್ಳೆಯ ಮನುಷ್ಯ, ಎದ್ದು ಹೋಗಿ ಹಳೆಯ ಕಡತವೊಂದನ್ನೂ ತಂದು ಹುಡುಕಿದರು.

“ಈ ಕೋರ್ಸೇ ಈಗ ಇಲ್ಲಮ್ಮ. ಹೆಸರೂ ಬದಲಾಯ್ತು, ಸಿಲಬಸ್ಸೂ ಬದಲಾಯ್ತು. ನೀವು ಓದಿದ ಸಂಸ್ಥೆ ಬಾಗಿಲು ಹಾಕಿ ಎಷ್ಟು ಕಾಲ ಆಯ್ತೋ. ಮೊದಲಿಂದ ಸೇರಬೇಕು, ಎರಡು ವರ್ಷ, ದಿನಾ ತರಗತಿಗೆ ಬರಬೇಕು. ಅದಕ್ಕೂ ಪಿಯುಸಿ ಅಂಕ ಇನ್ನಷ್ಟು ಬೇಕಿತ್ತು.”

“ಒಂಬತ್ತು ವರ್ಷ ಪಾಠ ಮಾಡಿದ್ದಾರೆ ಸರ್,” ಎಂದೆ.

“ಯಾವ ದಾಖಲೆಯಲ್ಲಿದೆ?” ಎಂದರು ಅವರು.

ವಾಪಸು ಬರುವಾಗ ಬಸ್ ನಿಲ್ದಾಣದಲ್ಲಿ ಸೆಲ್ವಿ ಸೀಬೆಹಣ್ಣು ತೆಗೆದುಕೊಂಡು, ಉಪ್ಪು ಖಾರ ಹಾಕಿಸಿ, ಅರ್ಧ ನನ್ನ ಕೈಗಿಟ್ಟಳು. ಬಸ್ಸು ಯಳಂದೂರು ದಾಟಿತು. ಕಬ್ಬಿನ ಗದ್ದೆಗಳ ಮೇಲೆ ಮಂಜಿನಂಥ ಹೊಗೆ ಕೂತಿತ್ತು. ದೂರಕ್ಕೆ ಬೆಟ್ಟ ಕಾಣುತ್ತಿರಲಿಲ್ಲ. ಆವತ್ತು ಅಧಿಕಾರಿಯ ಮುಂದೆ ಹೇಳಿದ ಮಾತಿಗೆ ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ.

“ನಂಗೊತ್ತು ಮೇಡಂ, ಬುಡಿ,” ಎಂದಳು ಅವಳೇ. “ನೀವು ಇನ್ನೇನ್ ಅಂದೀರಿ? ನಾನೂ ನಿಮ್ ಜಾಗ್ದಲ್ಲಿದ್ರೆ ಅಂಗೇ ಅಂತಿದ್ನೇನೋ.” ತುಟಿಯ ಉಪ್ಪು ಒರೆಸಿಕೊಂಡು, “ಅಂತಿರ್ಲಿಲ್ಲ ಅಂತನೂ ಅನ್ನುಸ್ತದೆ,” ಎಂದಳು. ಆಮೇಲೆ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ನನ್ನ ಕೈಯಲ್ಲಿದ್ದ ಸೀಬೆಹಣ್ಣು ಕಚ್ಚಲಾಗದೆ ಹಾಗೇ ಹಿಡಿದುಕೊಂಡು ಕೂತಿದ್ದೆ.

ಮಲರ್ ಮತ್ತೆ ಮಾತು ನಿಲ್ಲಿಸಿದಳು. ದಿವ್ಯಾ ನನ್ನ ಬಳಿ ಬಂದು, “ಏನು ಕೇಳಿದ್ರೂ ಬಾಗಿಲ ಕಡೆ ನೋಡ್ತಾಳೆ ಮೇಡಂ,” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಸೆಲ್ವಿಯನ್ನು ದಿನಕ್ಕೆ ಒಂದು ಗಂಟೆಯಾದರೂ ಒಳಗೆ ಕೂರಿಸೋಣ ಎಂದು ನಾನೂ ದಿವ್ಯಾಳೂ ಹೋಗಿ ಕೇಳಿದೆವು. ಪೋಷಕರು ನೋಡಿದರೆ ಕಷ್ಟ ಎಂದರು ನಾಗರಾಜಪ್ಪ. ಫೆಬ್ರವರಿಯಲ್ಲಿ ಮಲರ್‌ಳ ಅಪ್ಪ ಬಂದರು. ಕೆಸರು ಮೆತ್ತಿದ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಒಳಗೆ ಬಂದು, “ಇಲ್ಲಿ ಬ್ಯಾಡ ಸಾ. ಮೂಗಿ ತರ ಆಗವ್ಳೆ. ನಮ್ಮೂರ್ ಇಸ್ಕೂಲ್ಗೇ ಆಕ್ತೀನಿ,” ಎಂದರು. ಆ ದಿನ ಸೆಲ್ವಿ ಮೇಲಿನ ಮಹಡಿಯಲ್ಲಿ ನೀರಿನ ಟ್ಯಾಂಕು ತೊಳೆಯುತ್ತಿದ್ದಳು. ಅವಳಿಗೆ ಯಾರೂ ಹೇಳಲಿಲ್ಲ. ಸಂಜೆ ವ್ಯಾನು ಹೊರಡುವ ಹೊತ್ತಿಗೆ, ಮಲರ್ ಹತ್ತಲಿಲ್ಲವಲ್ಲ ಎಂದು ಡ್ರೈವರನ್ನು ಕೇಳಿ ತಿಳಿದುಕೊಂಡಳು.

ಮುಂದಿನ ವರ್ಷ ನನಗೆ ಸರ್ಕಾರಿ ಕೆಲಸ ಸಿಕ್ಕಿ ಯಳಂದೂರು ತಾಲ್ಲೂಕಿಗೇ ಬಂದೆ. ಸೆಲ್ವಿ ಈಗ ಒಂದು ಗಾರ್ಮೆಂಟ್ಸಿನಲ್ಲಿ ಗುಂಡಿ ಹಾಕುವ ವಿಭಾಗದಲ್ಲಿದ್ದಾಳೆಂದು ಯಾರೋ ಹೇಳಿದರು. ಹೋಗಿ ನೋಡುವ ಧೈರ್ಯ ಮಾಡಿಲ್ಲ. ನಾನು ಅವಳನ್ನು ಕೊನೆಯದಾಗಿ ಕಂಡದ್ದು ಆ ಶಾಲೆಯಲ್ಲಿದ್ದ ವರ್ಷದ ಏಪ್ರಿಲ್‌ನಲ್ಲಿ, ಫಲಿತಾಂಶ ಹೇಳಿದ ಮಾರನೆಯ ದಿನ. ಜ್ಯೋತಿಯ ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಲು ಬಂದಿದ್ದಳು. ಮಗಳನ್ನು ಹೊರಗೆ ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿ, ಆಫೀಸಿನೊಳಗೆ ಬಂದು ನಾಗರಾಜಪ್ಪನವರ ಮುಂದೆ ನಿಂತಳು.

“ಅನೂರ್ ಕಡೆ ಒಂದು ಸಣ್ಣ ಇಸ್ಕೂಲು ಸುರು ಮಾಡ್ತಾವ್ರಂತೆ ಸಾ. ಅನುಭವ ಇದ್ರೆ ಸಣ್ ಮಕ್ಳಿಗೆ ತಕತೀವಿ ಅಂದವ್ರೆ. ಇಲ್ಲಿದ್ದೆ ಅಂತ ಒಂದ್ ಕಾಗ್ದ ಕೊಡಿ.”

ಅವರು ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಮುಂದೆ ಕೂತು, ಯಾರನ್ನೂ ಕೇಳದೆ ‘ಸಹ ಶಿಕ್ಷಕಿಯಾಗಿ ಒಂಬತ್ತು ವರ್ಷ’ ಎಂದು ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟೆ. ನಾಗರಾಜಪ್ಪನವರು ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

“ಇದಕ್ಕೆ ನಾನು ಸಹಿ ಹಾಕಿದ್ರೆ, ಇಲಾಖೆಗೆ ಕೊಟ್ಟಿರೋ ಪಟ್ಟಿ ಸುಳ್ಳು ಅಂತಾಗುತ್ತೆ ಮೇಡಂ. ಸೆಲ್ವಿ, ನನ್ನ ಕೈಲಾಗಲ್ಲಮ್ಮ.” ಅವರ ದನಿ ನಿಜವಾಗಿಯೂ ಕುಗ್ಗಿತ್ತು. ಕಾಗದವನ್ನು ಹರಿಯದೆ, ಮಡಚಿ ತಮ್ಮ ಡ್ರಾಯರಿನೊಳಗೆ ಇಟ್ಟುಕೊಂಡರು.

“ಏನೈತೋ ಅದ್ನೇ ಬರ್ಕೊಡಿ ಸಾ,” ಎಂದಳು ಸೆಲ್ವಿ.

ಇನ್ನೊಂದು ಟೈಪ್ ಮಾಡಿದೆ. ‘ಶ್ರೀಮತಿ ಸೆಲ್ವಿ ಇವರು ನಮ್ಮ ಶಾಲೆಯಲ್ಲಿ ಆಯಾ ಆಗಿ ಶ್ರದ್ದೆಯಿಂದ ಕರ್ತವ್ಯ ನಿರ್ವಹಿಸಿರುತ್ತಾರೆ.’ ತಿರುಗಿ ಓದಿ ನೋಡಲಿಲ್ಲ. ಪ್ರಿಂಟನ್ನು ಅವಳ ಕೈಗೇ ಕೊಟ್ಟೆ, ಸಹಿ ಮಾಡಿಸಿಕೊಳ್ಳಲಿ ಎಂದು. ಅವಳು ಅದನ್ನು ಮೇಜಿನ ಮೇಲೆ ಹರಡಿ, ಪ್ರತಿ ಪದದ ಕೆಳಗೂ ತೋರುಬೆರಳು ಸರಿಸುತ್ತ ಓದಿದಳು. ಒಂದು ಕಡೆ ಬೆರಳು ನಿಂತಿತು. ‘ಆಯಾ’ ಎಂಬ ಮಾತನ್ನು ಬೆರಳು ಆಗಲೇ ದಾಟಿತ್ತು. ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದಳು.

“ಮೇಡಂ,” ಎಂದಳು ಮೆತ್ತಗೆ, ನಾಗರಾಜಪ್ಪನವರಿಗೆ ಕೇಳಿಸಬಾರದೆಂಬಂತೆ. “ಶ್ರದ್ಧೆ. ಇಲ್ಲಿ ದಕಾರದ ಒತ್ತಲ್ಲ, ಧಕಾರದ ಒತ್ತು ಬರ್ಬೇಕು. ಮಹಾಪ್ರಾಣ.”

ನಾನು ಕಾಗದ ಇಸಿದುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಆ ಒಂದು ಅಕ್ಷರ ತಿದ್ದಿ ಇನ್ನೊಂದು ಪ್ರಿಂಟ್ ತೆಗೆದೆ. ಉಳಿದದ್ದೆಲ್ಲ ಹಾಗೇ ಇತ್ತು.